ಕಂಬಳಿ ಕೋಣೆಯ ಮಳೆಗಾಲ

ಹೋದ ವಾರ ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಮಳೆ ಹಿಡಿಯಿತು. ಕುರಿ ಕಾಯುವ ಮುದುಕರೊಬ್ಬರು ಬಸ್ಸು ಹತ್ತಿ, ನೆನೆದ ಕಂಬಳಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಕಿಟಕಿಗಳೆಲ್ಲ ಮುಚ್ಚಿದ್ದವು. ಉಣ್ಣೆ ನೆನೆದಾಗ ಏಳುವ ವಾಸನೆ, ಕುರಿ, ಹೊಗೆ, ಒದ್ದೆ ಮಣ್ಣು ಎಲ್ಲ ಕಲಸಿದಂಥದ್ದು, ಬಸ್ಸಿನ ತುಂಬ ಹರಡಿತು. ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ವೇಲ್ ಎಳೆದು ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯೊಳಗೆ ನಾನು ಒಂದಿಡೀ ಮಳೆಗಾಲ ಸಂಸಾರ ಮಾಡಿದ್ದೇನೆ.

ಆಗ ನಾವು ಮಳವಳ್ಳಿಯಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಬೆಳಕವಾಡಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಮ್ಮವರು, ಚನ್ನೇಗೌಡರು, ಅದೇ ಬೇಸಿಗೆಯಲ್ಲಿ ಕೆಲಸ ಬಿಟ್ಟು ಮನೆಗೆ ಬಂದಿದ್ದರು. ಮದುವೆಗೆ ಮೊದಲಿನಿಂದಲೂ ಅವರು ಒಂದು ಸಕ್ಕರೆ ಕಾರ್ಖಾನೆಯ ಟರ್ಬೈನ್ ಮನೆಯಲ್ಲಿ ಇಂಜಿನಿಯರ್. ಕರೆಂಟು ತಯಾರಿಸುವ ಆ ದೊಡ್ಡ ಯಂತ್ರದ ಪಕ್ಕದಲ್ಲಿ ನಿಂತರೆ ಎದೆಗೂಡೇ ನಡುಗುತ್ತಿತ್ತು. ಕಿವಿಗೆ ಇಟ್ಟುಕೊಳ್ಳಲು ಕೊಡುತ್ತಿದ್ದ ರಬ್ಬರಿನ ಬಿರಡೆಯನ್ನು ಇವರು ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಯಂತ್ರದ ಸದ್ದು ಕೇಳದಿದ್ದರೆ ಅದರ ರೋಗ ಗೊತ್ತಾಗುವುದಿಲ್ಲ ಎನ್ನುವುದು ಅವರ ವಾದ.

ಮಗಳ ಮದುವೆಯಾಗಿತ್ತು. ಕೈಯಲ್ಲಿ ಕೆಲಸವಿರಲಿಲ್ಲ. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಕೇಳುತ್ತಿದ್ದ ಇಂಗ್ಲಿಷ್ ರಾಕ್ ಆಲ್ಬಮ್‌ಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ, ಒಂದಾದ ಮೇಲೊಂದು, ಸರಿಯಾಗಿ ಕೇಳಿಬಿಡಬೇಕು ಎಂದು ಹೊರಟರು. ಕಬ್ಬಿನ ಗದ್ದೆಯ ನಡುವೆ ಬೆಳೆದ ಗೌಡರ ಮನೆಯ ಹುಡುಗನಿಗೆ ಎಲ್ಲೋ ಇಂಗ್ಲೆಂಡಿನಲ್ಲಿ ಉದ್ದ ಕೂದಲು ಬಿಟ್ಟುಕೊಂಡವರು ಬಾರಿಸಿದ ಗಿಟಾರಿನ ಹುಚ್ಚು ಹಿಡಿಸಿದ್ದು ಹಾಸ್ಟೆಲಿನ ರೂಮಿನ ಜೊತೆಗಾರ ಸಿದ್ದರಾಜು. ನಾವು ಮಳವಳ್ಳಿಯಲ್ಲಿದ್ದ ಹೊತ್ತಿಗೆ ಸಿದ್ದರಾಜು ಮಂಡ್ಯದ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಸಂಬಳ ಬಂದಾಗಿನಿಂದ ಕೂಡಿಸಿಟ್ಟ ಸಿಡಿಗಳು ಅವರ ಮನೆಯ ಒಂದು ಬೀರು ತುಂಬ ಇದ್ದವು. ಅವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಹತ್ತಿಸಿ, ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ ತಂದುಕೊಟ್ಟರು.

“ಇದು ಎಂಪಿತ್ರೀ ಅಲ್ಲ ತಂಗೀ, ಫ್ಲ್ಯಾಕು,” ಎಂದು ನನಗೂ ತಿಳಿಹೇಳಿದರು. “ಎಂಪಿತ್ರೀ ಮಾಡೋರು ಜಾಗ ಉಳಿಸೋಕೆ ಅಂತ, ನಿಮ್ಗೇನು ಕೇಳಕಿಲ್ಲ ಬುಡಿ ಅಂದ್ಬುಟ್ಟು ಒಸಿ ಸದ್ದ ಕಿತ್ತಾಕ್ಬುಡ್ತಾರೆ. ಇದ್ರಲ್ಲಿ ಒಂದು ಕಾಳೂ ಚೆಲ್ಲಿಲ್ಲ. ಸ್ಟುಡಿಯೋದಲ್ಲಿ ಬಾರ್ಸಿ ಸಿಡೀಗೆ ತುಂಬಿದ್ದು ಅಂಗಂಗೇ ಐತೆ.”

ಮೊದಲ ದಿನಗಳು ಚೆನ್ನಾಗಿದ್ದವು. ಭಾನುವಾರ ಸಿದ್ದರಾಜು ಮಂಡ್ಯದಿಂದ ಬೈಕಿನಲ್ಲಿ ಬರುತ್ತಿದ್ದರು. ಇಬ್ಬರೂ ಮುಂದಿನ ಕೋಣೆಯಲ್ಲಿ ಎರಡು ಸ್ಪೀಕರಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪೂಜೆಗೆ ಕುಳಿತವರ ಹಾಗೆ ಮಾತಿಲ್ಲದೆ ಕೂರುತ್ತಿದ್ದರು. ನನಗೆ ಆ ಸಂಗೀತ ಗಲಾಟೆಯಂತೆಯೇ ಕೇಳುತ್ತಿತ್ತು. ಆದರೆ ಇವರು ನಗುತ್ತಿದ್ದುದು ಹಿತವಾಗಿತ್ತು.

ಮುಂಗಾರು ಹಿಡಿಯುವ ಹೊತ್ತಿಗೆ ಅನುಮಾನ ಶುರುವಾಯಿತು. ಅವರಿಗೆ ಬಲು ಪ್ರಿಯವಾದ ಒಂದು ಆಲ್ಬಮಿನಲ್ಲಿ ಒಂದು ಹಾಡು ಗಿಟಾರಿನಿಂದ ಮೆಲ್ಲಗೆ ಶುರುವಾಗಿ, ಆಮೇಲೆ ಡ್ರಮ್ಮಿನ ಮೇಲಿರುವ ಕಂಚಿನ ತಟ್ಟೆ ಚಿಣ್ ಚಿಣ್ ಎಂದು ಸೇರಿಕೊಳ್ಳುತ್ತದಂತೆ. ಅದಕ್ಕೆ ಅವರಿಬ್ಬರೂ ಸಿಂಬಲ್ ಎನ್ನುತ್ತಿದ್ದರು. ಹಾಸ್ಟೆಲಿನಲ್ಲಿ ಆ ಸದ್ದು ಬಂದಾಗ ಮೈ ಜುಮ್ಮೆನ್ನುತ್ತಿತ್ತಂತೆ. ಈಗ ಅದೇ ಇಲ್ಲ.

“ಸಿಂಬಲ್ ಎಲ್ಲೋಯ್ತು?” ಎಂದು ಮೊದಲು ಸ್ಪೀಕರನ್ನು ತಿರುಗಿಸಿಟ್ಟರು. ಆಮೇಲೆ ವೈರು ಬದಲಿಸಿದರು. ಆಮೇಲೆ ಕಂಪ್ಯೂಟರಿನ ಲೆಕ್ಕವನ್ನು ಸದ್ದಾಗಿ ಮಾಡುವ ಒಂದು ಪುಟ್ಟ ಪೆಟ್ಟಿಗೆಯ ಮೇಲೆ ಅನುಮಾನ ಬಂತು, ಹೊಸದು ತರಿಸಿದರು. ಮಳವಳ್ಳಿಯ ಕರೆಂಟಿನ ಮೇಲೆ ಅನುಮಾನ ಬಂತು. ಕೆಳಗಿನ ಮನೆಯ ನೀರಿನ ಮೋಟಾರಿನ ಮೇಲೆ ಬಂತು. ಕೊನೆಗೆ ಗೋಡೆಗಳೇ ಸದ್ದನ್ನು ಕೆಡಿಸುತ್ತಿವೆ ಎಂದು ಸಂತೆಯಿಂದ ಕರಿ ಕಂಬಳಿಗಳನ್ನು ತಂದು, ನಾಲ್ಕು ಗೋಡೆಗೂ ಮೊಳೆ ಹೊಡೆದು ಇಳಿಬಿಟ್ಟರು. ಮಳೆಯ ಥಂಡಿ ಗೋಡೆಯಿಂದ ಕಂಬಳಿಗೆ ಇಳಿದು, ಮನೆಯೇ ಕುರಿಹಟ್ಟಿಯಾಯಿತು.

ಕೆಳಗಿನ ಮನೆಯ ತಾಯಮ್ಮ, ನಮ್ಮ ಮನೆ ಒಡತಿ, ಮೊಳೆಯ ಸದ್ದು ಕೇಳಿ ಮೇಲೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

“ಇದ್ಯಾಕ್ ಕಣಮ್ಮ ಗೋಡೆಗ್ ಕಂಬ್ಳಿ? ಯಾರಾನ ಮಾಟ ಗೀಟ ಮಾಡ್ಸವ್ರಾ?”

“ಇಲ್ಲ ತಾಯಮ್ಮ, ಹಾಡು ಕೇಳೋಕೆ.”

“ಆಡ್ ಕೇಳೋಕ್ ಕಂಬ್ಳಿ ಯಾಕವ್ವ?” ಎಂದವರು ನನ್ನ ಮುಖವನ್ನೊಮ್ಮೆ ನೋಡಿ ಇಳಿದು ಹೋದರು. ನಂಬಲಿಲ್ಲವೆಂಬುದು ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

ಕಂಬಳಿಯಿಂದಲೂ ಸಿಂಬಲ್ ಬರಲಿಲ್ಲ. ಅನುಮಾನಪಡಲು ಉಳಿದದ್ದು ಸಿದ್ದರಾಜು ಒಬ್ಬರೇ.

ಸದ್ದನ್ನು ಚಿತ್ರವಾಗಿ ತೋರಿಸುವ ಒಂದು ಪ್ರೋಗ್ರಾಮನ್ನು ಇವರು ಕಂಪ್ಯೂಟರಿಗೆ ಹಾಕಿಕೊಂಡರು. ಅದರಲ್ಲಿ ದಪ್ಪ ಸದ್ದು ಕೆಳಗೆ, ಸಣ್ಣ ಕೀರಲು ಸದ್ದು ಮೇಲೆ, ಬಣ್ಣ ಬಣ್ಣವಾಗಿ ಕಾಣುತ್ತದೆ. ಎಂಪಿತ್ರೀಯನ್ನೇ ತಿರುಗಿ ಫ್ಲ್ಯಾಕ್ ಮಾಡಿ ಮೋಸ ಮಾಡುವವರೂ ಇದ್ದಾರಂತೆ. ಅಂಥ ಫೈಲಿನಲ್ಲಿ ಚಿತ್ರದ ಮೇಲ್ತುದಿ ಕುಡುಗೋಲಿನಲ್ಲಿ ಕೊಯ್ದಂತೆ ನಿಂತಿರುತ್ತದಂತೆ. ನಾನು ಶಾಲೆಯಿಂದ ಬರುವಾಗಲೆಲ್ಲ ಇವರು ಕನ್ನಡಕ ಹಾಕಿಕೊಂಡು ಆ ಚಿತ್ರದ ಮುಂದೆ ಬಗ್ಗಿ ಕುಳಿತಿರುತ್ತಿದ್ದರು. ಕೇಳುವುದು ಬಿಟ್ಟು ನೋಡಲು ಶುರುಮಾಡಿದ್ದರು.

ಒಂದು ಭಾನುವಾರ ನಾನು ಉಪ್ಸಾರು, ಮುದ್ದೆ ಮಾಡಿದ್ದೆ. ಸಿದ್ದರಾಜು ರೇನ್‌ಕೋಟನ್ನು ಕೊಡವಿ ಒಳಗೆ ಬಂದು ಕೂರುವ ಮೊದಲೇ ಇವರು ಕಂಪ್ಯೂಟರನ್ನು ಅವರ ಕಡೆಗೆ ತಿರುಗಿಸಿದರು.

“ನೋಡ್ಲಾ ಸಿದ್ದ ಇದ. ಇಲ್ಗಂಟ ಬಂದು ಕುಯ್ದಂಗ್ ನಿಂತೋಗೈತೆ. ಮೇಲೆಲ್ಲ ಖಾಲಿ.”

ಸಿದ್ದರಾಜು ಬಗ್ಗಿ ನೋಡಿದರು. “ಅದು ಅಳೇ ಟೇಪಿನ ರೆಕಾರ್ಡಿಂಗ್ ಕಣ್ಲಾ ಚನ್ನ. ಅಷ್ಟು ಮೇಲೆ ಮೊದ್ಲಿಂದ್ಲೂ ಏನೂ ಇಲ್ಲ. ಕುಯ್ದಿರೋದಲ್ಲ, ತಾನಾಗೆ ಸಣ್ಣಗಾಗೈತೆ, ಸರ್ಯಾಗಿ ನೋಡು.”

“ಮತ್ತೆ ಸಿಂಬಲ್ ಎಲ್ಲೋಯ್ತು? ಆಸ್ಟ್ಲಲ್ಲಿ ಸವ್ದೋದ ಕ್ಯಾಸೆಟ್ಟಲ್ಲೇ ಕೇಳ್ತಿತ್ತು.”

“ಈಗ್ಲೂ ಐತಲ್ಲ. ನಂಗ್ ಕೇಳ್ತೈತೆ.”

“ಕೇಳ್ತೈತೆ ಅಂತ ನೀನು ಬಾಯಲ್ಲಿ ಅಂತೀಯ. ಸಿಡಿ ಎಲ್ಲೋ ಆಳಾಗೋಗೈತೆ. ಎಲ್ಲಿಂದ್ಲೋ ಎಂಪಿತ್ರೀ ಇಳಿಸ್ಕೊಂಡು, ಅದುಕ್ಕೇ ದೊಡ್ಡಂಗಿ ತೊಡಿಸಿ ಕೊಟ್ಟಿದ್ದೀಯ. ಕಲಬೆರಕೆ ಮಾಲು.”

ಸಿದ್ದರಾಜು ಇನ್ನೂ ನಗುತ್ತಲೇ ಇದ್ದರು. “ನಾನ್ಯಾಕ್ಲಾ ನಿಂಗ್ ಕಲಬೆರಕೆ ಕೊಡ್ಲಿ?”

“ಯಾಕೋ ಯಾವನ್ಗ್ ಗೊತ್ತು. ನಿಮ್ ಬುದ್ಧಿನೇ ಅಷ್ಟು.”

ನಾನು ಒಲೆಯ ಮುಂದಿನಿಂದ ಎದ್ದು ಬಂದೆ. ಹಾಸ್ಟೆಲಿನ ದಿನಗಳಿಂದ ಅವರಿಬ್ಬರ ನಡುವೆ ಇದ್ದದ್ದು ನೀನು, ನಿನ್ನ, ಲೇ, ಲಾ. ‘ನಿನ್ನ ಬುದ್ಧಿ’ ಎಂದಿದ್ದರೆ ಅದು ಜಗಳವಾಗಿ ಮುಗಿಯುತ್ತಿತ್ತು. ‘ನಿಮ್ಮ’ ಎಂದಾಗ ಆ ಮಾತು ಸಿದ್ದರಾಜುವನ್ನು ದಾಟಿ ಅವರ ಮನೆಗೆ, ಅವರ ಕೇರಿಗೆ, ಅವರ ಜನಕ್ಕೆ ಹೋಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ಸಿದ್ದರಾಜುವಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟಾಗ, ಇವರು ಆ ಲೋಟವನ್ನು ಕಿತ್ತುಕೊಂಡು ತಾವೇ ಕುಡಿದು, ತಮ್ಮ ಲೋಟವನ್ನು ಗೆಳೆಯನ ಕೈಗಿಟ್ಟಿದ್ದರು. ಅದನ್ನು ನಾನೇ ಕಣ್ಣಾರೆ ಕಂಡಿದ್ದೆ. ಅದೇ ಬಾಯಿಂದ ಈ ಮಾತು.

“ನಿಮ್ ಅಂದ್ರೆ?” ಎಂದರು ಸಿದ್ದರಾಜು. ನಗು ಹೋಗಿತ್ತು. “ಯಾರ್ದ್ಲಾ ಬುದ್ಧಿ?”

ಇವರು ಕಣ್ಣನ್ನು ಕಂಪ್ಯೂಟರಿನ ಕಡೆಗೆ ತಿರುಗಿಸಿ, “ಮೇಷ್ಟ್ರುಗಳ್ದು ಕಣ್ಲಾ,” ಎಂದರು.

ನಾನೂ ಮೇಷ್ಟ್ರೇ. ಆ ಮಾತು ನನಗೆ ತಾಗಲಿಲ್ಲ. ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು.

ಸಿದ್ದರಾಜು ಒದ್ದೆ ರೇನ್‌ಕೋಟನ್ನು ಮತ್ತೆ ತೊಟ್ಟರು. “ಊಟ ಬ್ಯಾಡ ತಂಗೀ, ಒಟ್ಟೆ ತುಂಬೋಯ್ತು,” ಎಂದು ಮೆಟ್ಟಿಲಿಳಿದರು. ಬೈಕಿನ ಸದ್ದು ಮಂಡ್ಯದ ಕಡೆಗೆ ಹೋಯಿತು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ. ಇವರಿಗೆ ಎಲ್ಲರ ಮೇಲೂ ಅನುಮಾನ. ನಾನು ಬಾಯೊಳಗೇ ಮಾತಾಡುತ್ತೇನಂತೆ, ಬೇಕೆಂದೇ ಪಿಸುಗುಡುತ್ತೇನಂತೆ. ಮಗಳು ಫೋನ್ ಮಾಡಿದರೆ “ತಾಯಿ ಮಗಳು ನನ್ ಇಸ್ಯ ಏನ್ ಮಾತಾಡ್ಕತಿದ್ರಿ?” ಎಂದು ಕೇಳುತ್ತಿದ್ದರು. ತಾಯಮ್ಮನ ಮೋಟಾರನ್ನು ಶಪಿಸುತ್ತಿದ್ದರು. ಹಾಡನ್ನು ಮಾತ್ರ ಹಾಕುತ್ತಲೇ ಇದ್ದರು. ಆ ಒಂದೇ ಹಾಡು, ಶುರುವಿನ ಆ ಒಂದೇ ತುಂಡು, ಮತ್ತೆ ಮತ್ತೆ.

ಅನುಮಾನ ಅಂಟುಜಾಡ್ಯವಿದ್ದ ಹಾಗೆ, ನನಗೂ ತಗುಲಿತು. ಇವರು ಆಗಾಗ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಮಂಡ್ಯಕ್ಕೆ ಹೋಗಿಬರುತ್ತಿದ್ದರು. ಕೇಳಿದರೆ ವೈರು ತರುವುದಕ್ಕೆ ಎನ್ನುವರು. ವೈರು ಬರುತ್ತಿರಲಿಲ್ಲ. ತಾಯಮ್ಮ ಮೆಟ್ಟಿಲ ಮೇಲೆ ನನ್ನನ್ನು ತಡೆದು, “ಗಂಡಸ್ರು ಕೆಲ್ಸ ಬುಟ್ಮೇಲೆ ಕಣ್ಣಿಟ್ಟಿರ್ಬೇಕು ಕಣಮ್ಮ. ನಮ್ ಅಟ್ಟೀಲಿ ನಾ ಕಂಡಿಲ್ವಾ?” ಎಂದರು. ನಗಬೇಕಿತ್ತು. ನಗಲಿಲ್ಲ. ಮುಂದಿನ ಸಲ ಇವರು ಮಂಡ್ಯದಿಂದ ಬಂದಾಗ ಅಂಗಿಯನ್ನು ಒಗೆಯಲು ಹಾಕುವ ಮೊದಲು ಮೂಸಿ ನೋಡಿದೆ. ಬಸ್ಸಿನ ಬೆವರು ಬಿಟ್ಟು ಏನೂ ಇರಲಿಲ್ಲ. ಆದರೂ ನೆಮ್ಮದಿಯಾಗಲಿಲ್ಲ.

ಮಳೆ ಒಂದಿಷ್ಟು ಬಿಡುವು ಕೊಟ್ಟಾಗ, ಪೂರಿಗಾಲಿಯ ನಮ್ಮ ನೆಂಟರು ಮುತ್ತತ್ತಿಯಲ್ಲಿ ಹರಕೆಯ ಊಟ ಇಟ್ಟುಕೊಂಡಿದ್ದರು. ಆಂಜನೇಯನಿಗೆ ಪೂಜೆ ಮುಗಿದು, ಮರದ ಕೆಳಗೆ ಪಾತ್ರೆಗಳು ಬೇಯುತ್ತಿದ್ದವು. ನಾವಿಬ್ಬರೂ ಗುಂಪಿನಿಂದ ದೂರ ಸರಿದು, ಕಾಡಿನ ಅಂಚಿನಲ್ಲಿ ಹೊಳೆಗೆ ಇಳಿಯುವ ಬಂಡೆಯ ಮೇಲೆ ಕುಳಿತೆವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಹಿಂದಿನ ಮರಗಳಲ್ಲಿ ಜೀರುಂಡೆಗಳು ಒಟ್ಟಿಗೇ ಎದ್ದಿದ್ದವು. ಸಾಣೆಗೆ ಕತ್ತಿ ಕೊಟ್ಟ ಹಾಗೆ ಕಿವಿಯನ್ನೇ ಸೀಳುವ ಸದ್ದು, ಬಿಡುವೇ ಇಲ್ಲ. ನನಗೆ ತಲೆ ಸಿಡಿಯತೊಡಗಿ, ಎದ್ದು ಹೋಗೋಣವೇ ಎನ್ನಬೇಕೆಂದಿದ್ದೆ.

ಇವರು ಎರಡೂ ಕೈ ಹಿಂದಕ್ಕೆ ಊರಿಕೊಂಡು, ಬಹಳ ದಿನಗಳ ಮೇಲೆ ಹಗುರವಾಗಿ ಉಸಿರು ಬಿಟ್ಟು ಹೇಳಿದರು: “ಎಷ್ಟ್ ತಣ್ಣಗೈತೆ ನೋಡು ಜಯ. ಒಂದು ಸದ್ದಿಲ್ಲ.”

ನಾನು ಅವರ ಮುಖ ನೋಡಿದೆ. ತಮಾಷೆಯಲ್ಲ.

“ಏನೂ ಕೇಳಿಸ್ತಿಲ್ವೇನ್ರೀ?”

“ಒಳೆ ಸದ್ದು ಒಂದೈತೆ. ಅಷ್ಟೆ.”

ವೈರು, ಪೆಟ್ಟಿಗೆ, ಕಂಬಳಿ, ನನ್ನ ಪಿಸುಮಾತು, ಸಿದ್ದರಾಜು, ಎಲ್ಲವೂ ಒಂದೇ ಸಲಕ್ಕೆ ನೆನಪಾದವು. ಜೀರುಂಡೆಯ ಮಾತೆತ್ತದೆ, ಊಟಕ್ಕೆ ಹೊತ್ತಾಯಿತೆಂದು ಅವರನ್ನು ಎಬ್ಬಿಸಿದೆ. ಹೇಳಿದ್ದರೆ ನಂಬುತ್ತಲೂ ಇರಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಒಬ್ಬಳೇ ಮಂಡ್ಯಕ್ಕೆ ಹೋದೆ. ಸಿದ್ದರಾಜು ಮನೆಯಲ್ಲಿದ್ದರು. ನಡುಮನೆಯಲ್ಲಿ ಬುದ್ಧನ ಪುಟ್ಟ ಮೂರ್ತಿ, ಅದರ ಪಕ್ಕದಲ್ಲೇ ಸಿಡಿಗಳ ಬೀರು. ನಾನು ಜೀರುಂಡೆಯ ಸಂಗತಿ ಹೇಳಿದೆ. ಅವರು ಬೀರು ತೆಗೆದು, ಆ ಆಲ್ಬಮಿನ ಸಿಡಿಯನ್ನು ಹಾಕಿದರು. ಗಿಟಾರು, ಆಮೇಲೆ ಚಿಣ್ ಚಿಣ್. ಆಮೇಲೆ ನಮಗೆ ಕೊಟ್ಟಿದ್ದ ಫೈಲಿನ ಪ್ರತಿಯನ್ನೇ ಹಾಕಿದರು. ಅಲ್ಲೂ ಚಿಣ್ ಚಿಣ್. ಮಂಜು ಬಿದ್ದ ಹುಲ್ಲಿನ ಮೇಲೆ ಯಾರೋ ಗೆಜ್ಜೆ ಚೆಲ್ಲಿದ ಹಾಗಿತ್ತು. ಅಷ್ಟು ದಿನ ಆ ಗಲಾಟೆಯಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

“ನಂಗ್ ಅವತ್ತೇ ಗೊತ್ತಾಯ್ತು ತಂಗೀ,” ಎಂದರು ಸಿದ್ದರಾಜು. “ಅಷ್ಟ್ ಚೆನ್ನಾಗ್ ಕೇಳ್ತಿರೋದು ಇವನ್ಗ್ ಕೇಳ್ತಿಲ್ಲ ಅಂದ್ರೆ ಕಿವಿನೇ ಅಂತ. ಟರ್ಬೈನ್ ಪಕ್ಕ ನಿಂತೋನಲ್ವಾ. ಏಳ್ಬೋದಿತ್ತು. ಬಾಯ್ಗಂಟ ಬಂದಿತ್ತು. ಅಷ್ಟೊತ್ಗೆ ಆ ಮಾತಂದ. ಅನ್ನಲಿ ಬುಡು, ಉಡುಕ್ಲಿ, ಇನ್ನೊಂದಿಷ್ಟು ಕಂಬ್ಳಿ ಒಡೀಲಿ ಅನ್ನುಸ್ತು.”

ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ.

“ಎರಡು ಮೂರ್ ಸಲ ನಮ್ ಕಾಲೇಜ್ ಗೇಟ್ ತಾವ ಬಂದು ನಿಂತಿದ್ದ,” ಎಂದು ಅವರೇ ಮುಂದುವರಿಸಿದರು. “ಇಸ್ತ್ರಿ ಅಂಗಿ ಆಕ್ಕೊಂಡು. ನೋಡ್ದೆ. ನೋಡ್ನಿಲ್ವೇನೋ ಅನ್ನಂಗೆ ಬೈಕ್ ಓಡುಸ್ಕೊಂಡು ಓದೆ.”

ಬಾರದ ವೈರಿನ ಸಂಗತಿ ನನಗೆ ಆಗ ಗೊತ್ತಾಯಿತು. ಮೂಸಿ ನೋಡಿದ ಆ ಅಂಗಿ ನೆನಪಾಗಿ, ನೀರು ಕೊಡಿ ಎಂದು ಕೇಳಿ ಕುಡಿದೆ.

ಮನೆಗೆ ಬಂದು, ಡಾಕ್ಟರಿಗೆ ಕಿವಿ ತೋರಿಸೋಣ ಎಂದಾಗ ಇವರು ಕೆರಳಿದರು. “ಅವ್ನ್ ಏಳ್ಕೊಟ್ನಾ? ಇಬ್ರೂ ಸೇರ್ಕಂಡು ನನ್ ಕಿವುಡ್ನ ಮಾಡ್ತೀರಾ?” ನಾನು ವಾದಿಸಲಿಲ್ಲ. ಮೊಬೈಲಿನಲ್ಲಿ ಜೀರುಂಡೆಯ ಸದ್ದು ಹುಡುಕಿ, ಜೋರಾಗಿ ಹಾಕಿ, ಅವರ ಮುಂದೆ ಹಿಡಿದೆ. ಕೆಳಗಿನ ಮನೆಯಿಂದ ತಾಯಮ್ಮ “ಏನದು ಕಣಮ್ಮ ಜೀರುಂಡೆ ಒಳುಕ್ ಬಂದ್ಬುಡ್ತಾ?” ಎಂದು ಕೂಗಿದರು. ತಾಯಮ್ಮನ ಕೂಗು ಇವರಿಗೆ ಕೇಳಿತು. ಮೊಬೈಲಿನದು ಕೇಳಲಿಲ್ಲ. ತಾಯಮ್ಮನೂ ನಮ್ಮ ಜೊತೆ ಸೇರಿ ಪಿತೂರಿ ಮಾಡಿದ್ದಾರೆ ಎನ್ನುವುದನ್ನು ಮಾತ್ರ ಇವರಿಗೆ ನಂಬಲಾಗಲಿಲ್ಲ. ಬಹಳ ಹೊತ್ತು ಮೊಬೈಲನ್ನೇ ನೋಡುತ್ತ ಕುಳಿತಿದ್ದರು.

ಮೈಸೂರಿನ ಆಸ್ಪತ್ರೆಯಲ್ಲಿ ಗಾಜಿನ ಕಿಟಕಿಯ ಪುಟ್ಟ ಗೂಡಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕೆಂದರು. ನಾನು ಹೊರಗೆ ಕುಳಿತು ಗಾಜಿನಲ್ಲಿ ನೋಡುತ್ತಿದ್ದೆ. ಮೊದಲು ಅವರ ಹೆಬ್ಬೆರಳು ಚುರುಕಾಗಿ ಒತ್ತುತ್ತಿತ್ತು. ಆಮೇಲೆ ನಿಂತಿತು. ಪರೀಕ್ಷೆ ಮಾಡುತ್ತಿದ್ದಾಕೆ ಒಂದಾದ ಮೇಲೊಂದು ಸದ್ದು ಕಳಿಸುತ್ತಲೇ ಇದ್ದಳು. ಇವರು ಹುಬ್ಬು ಗಂಟಿಕ್ಕಿ, ಉಸಿರು ಬಿಗಿಹಿಡಿದು, ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಬೆರಳು ಅಲುಗಲಿಲ್ಲ. ಆ ಕಾಯುವಿಕೆಯನ್ನು ನೋಡಲಾರದೆ ನಾನು ಎದ್ದು ಆಚೆ ಹೋದೆ.

ಎರಡೂ ಕಿವಿಯಲ್ಲಿ ಸಣ್ಣ ಕೀರಲು ಸದ್ದುಗಳು ಹೋಗಿದ್ದವು. ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ಸ್ಪಷ್ಟವಾಗುತ್ತದೆ, ಆದರೆ ಮೊದಲು ಕೇಳಿದ ಸಂಗೀತ ಮೊದಲಿನಂತೆ ಕೇಳುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಬಸ್ಸಿನಲ್ಲಿ ಬನ್ನೂರು ದಾಟುವವರೆಗೆ ಇವರು ಡಾಕ್ಟರು ಕೊಟ್ಟ ಚೀಟಿಯನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದರು. ಆಮೇಲೆ, “ಒಂದು ಕಾಳೂ ಚೆಲ್ಲದಂಗೆ ತುಂಬಿ ತಂದುಕೊಟ್ಟವ್ನೆ. ನನ್ ಚೀಲನೇ ತೂತು,” ಎಂದರು.

ಮುಂದಿನ ಭಾನುವಾರ ಇಬ್ಬರೂ ಮಂಡ್ಯಕ್ಕೆ ಹೋದೆವು. ಸಿದ್ದರಾಜು ಬಾಗಿಲು ತೆಗೆದು ನಿಂತರು. ಒಳಗೆ ಬಾ ಎನ್ನಲಿಲ್ಲ.

“ನಿನ್ ಮಾಲು ಸರಿಯಾಗೇ ಇತ್ತು ಕಣ್ಲಾ. ನನ್ ಕಿವಿ ಓಗಿತ್ತು,” ಎಂದರು ಇವರು.

“ಕಿವಿ ಓಗಿತ್ತು, ಒಪ್ಕೊಂಡೆ,” ಎಂದರು ಸಿದ್ದರಾಜು. “ಬಾಯ್ಗೇನಾಗಿತ್ತು?”

ಇವರು ತಲೆ ತಗ್ಗಿಸಿದರು. ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು.

“ಮೇಷ್ಟ್ರುಗಳ್ದು ಅಂದಿದ್ದು ಸುಳ್ಳು ಕಣ್ಲಾ ಸಿದ್ದ,” ಎಂದರು ಇವರು ಕೊನೆಗೆ. “ನೀ ಏನ್ ತಿಳ್ಕೊಂಡ್ಯೋ ಅದನ್ನೇ ಅಂದಿದ್ದು. ನನ್ನೊಳ್ಗೆ ಅದಿತ್ತು ಅಂತ ನಂಗೇ ಗೊತ್ತಿರ್ಲಿಲ್ಲ.”

ಸಿದ್ದರಾಜು ಕ್ಷಮಿಸಿದೆ ಎನ್ನಲಿಲ್ಲ. ಬಾಗಿಲಿನಿಂದ ಪಕ್ಕಕ್ಕೆ ಸರಿದರು. ನಾವು ಒಳಗೆ ಹೋಗಿ ಕುಳಿತೆವು. ಅವರು ಆ ಹಾಡನ್ನೇ ಹಾಕಿ, ಗಿಟಾರು ಮುಗಿಯುವ ಹೊತ್ತಿಗೆ ತಮ್ಮ ತೋರುಬೆರಳನ್ನು ಎತ್ತಿದರು. ಸಿಂಬಲ್ ಬಂದಾಗಲೆಲ್ಲ ಬೆರಳು ಏಳುತ್ತಿತ್ತು. ಇವರು ಆ ಬೆರಳನ್ನೇ ನೋಡುತ್ತ, ಅದು ಎದ್ದಾಗಲೆಲ್ಲ ‘ಹೂಂ, ಹೂಂ’ ಎಂದು ತಲೆಯಾಡಿಸುತ್ತಿದ್ದರು. ಕಣ್ಣು ತುಂಬಿತ್ತು. ನಡುವೆ ಒಂದು ಕಡೆ ಬೆರಳು ಎದ್ದಿತು. ಅಲ್ಲಿ ನನಗೆ ಏನೂ ಕೇಳಿಸಲಿಲ್ಲ. ಇವರು ಅಲ್ಲೂ ‘ಹೂಂ’ ಎಂದರು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ.

ಹೊರಡುವಾಗ ಇವರು ಮುಂದೆ ಹೋಗಿ ಆಟೋ ನಿಲ್ಲಿಸುತ್ತಿದ್ದರು. ನಾನು ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಕೇಳಿದೆ.

“ಸಿದ್ದರಾಜಣ್ಣ, ನಡುವೆ ಒಂದು ಸಲ ಬೆರಳೆತ್ತಿದ್ರಲ್ಲ. ಅಲ್ಲಿ ಸಿಂಬಲ್ ಇತ್ತಾ?”

“ಇರ್ಲಿಲ್ಲ.”

“ಮತ್ತೆ?”

“ನನ್ನ ನಂಬ್ತಾನೋ ಇಲ್ವೋ ಅಂತ ನೋಡ್ದೆ ತಂಗೀ,” ಎಂದ ಸಿದ್ದರಾಜು ರಸ್ತೆಯಲ್ಲಿ ನಿಂತಿದ್ದ ಗೆಳೆಯನನ್ನು ಒಂದು ಗಳಿಗೆ ನೋಡಿದರು. “ನಂಬ್ದ ಬುಡು.”